ಅಂಗೈ ಮೇಲಿನ ಬೆಳಕಿನ ಹುಳ

ಕೈಲಾಂಚದ ನಮ್ಮ ಮನೆಯಲ್ಲಿ ರೇಷ್ಮೆಹುಳಗಳು ಸೊಪ್ಪು ಮೇಯುವ ಸದ್ದಿಗೆ ಮೈಸೂರು ರಸ್ತೆಯ ಬಸ್ಸುಗಳು ಮಳೆ ಬಂತೆಂದು ವೈಪರ್ ಹಾಕುತ್ತಿದ್ದವು. ಅನುಮಾನವಿದ್ದವರು ನನ್ನ ಹೆಂಡತಿ ಸಿದ್ದಮ್ಮನನ್ನು ಕೇಳಬಹುದು. ಅವಳು ಸುಳ್ಳು ಎನ್ನುತ್ತಾಳೆ, ಅದು ಬೇರೆ ಮಾತು.

ಹುಳ ಸಾಕುವುದರಲ್ಲಿ ಅವಳನ್ನು ಮೀರಿಸುವವರು ಚೀನಾದಲ್ಲೂ ಇರಲಿಲ್ಲ. ಆದರೆ ಹುಳದ ಮನೆಯ ದೂಳು ಎದೆಗೆ ಕೂತು ಉಬ್ಬಸ ಹತ್ತಿತು. ಇನ್ನು ಆ ಹೊಸ್ತಿಲು ತುಳಿಯಲೇಬೇಡಿ ಎಂದರು ಡಾಕ್ಟರು. ಅಂದಿನಿಂದ ಅವಳಿಗೆ ಊಟ ಸೇರದು. ತಟ್ಟೆಯ ಮುಂದೆ ಕೂತು ಅಂಗೈ ಉಜ್ಜಿಕೊಳ್ಳುವಳು. "ಹುಳ ಹರೀದೆ ಕೈ ಬಣಗುಟ್ತೈತೆ ಕಣ್ರೀ."

ರಾಮನಗರದ ಹೊಸ ಮ್ಯೂಸಿಯಂನಲ್ಲಿ ಹುಳದ ಚಿತ್ರ ತೋರಿಸುತ್ತಾರೆಂದು ಕೇಳಿ ಕರೆದೊಯ್ದೆ. "ಒಂದೊಂದು ಹುಳವೂ ಆನೆ ಸೊಂಡ್ಲಷ್ಟು ಕಣಮ್ಮಿ" ಎಂದಿದ್ದೆ. ನನ್ನ ಆಯುಸ್ಸಿನಲ್ಲೇ ಮೊದಲ ಸಲ ನನ್ನ ಮಾತು ನಿಜಕ್ಕಿಂತ ಚಿಕ್ಕದಾಯಿತು. ಯಾವುದೋ ದೂರದೇಶದ ಯಾರೋ ಕೈಯಲ್ಲಿ ಬರೆದ ಪುಟ್ಟ ಹಳೇ ಚಿತ್ರವಂತೆ. ಅದನ್ನು ಯಂತ್ರದಿಂದ ಬೆಳಕಾಗಿ ಮಾಡಿ, ಗೋಡೆಯಲ್ಲಿ ತೆಂಗಿನಮರದಷ್ಟು, ನೆಲದಲ್ಲಿ ನಿಜದ ಹುಳದಷ್ಟು ಹರಿಯಬಿಟ್ಟಿದ್ದರು.

ಸಿದ್ದಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಹಿಂದಿನ ನಲ್ಲಿಗೆ ಹೋಗಿ ಕೈಕಾಲು ತೊಳೆದು ಬಂದಳು. ವಾಸನೆಗೇ ಹುಳ ಸಾಯುತ್ತವೆಂದು ನನ್ನ ಬಾಯಿಯ ಹೊಗೆಸೊಪ್ಪನ್ನೂ ಉಗಿಸಿದಳು.

"ಚಪ್ಪಲಿ ಹಾಕ್ಕೊಂಡೇ ಬನ್ನಿ ಅಜ್ಜಿ, ಬರೀ ಬೆಳಕು" ಎಂದಳು ಅಲ್ಲಿ ಕೆಲಸಕ್ಕಿದ್ದ ಮೆಹ್ರೀನ್.

"ನೀನು ಸೆಂಟ್ ಹಾಕಿದ್ದೀಯ ಮಗ. ಒಸಿ ದೂರ ನಿಂತ್ಕೊ."

ಹುಳ ತುಳಿಯದಂತೆ ತುದಿಗಾಲಲ್ಲಿ ಜಾಗ ಹುಡುಕುತ್ತ ನಡೆದು, ನಡುವೆ ಕೂತು ಅಂಗೈ ಚಾಚಿದಳು. ಒಂದು ಹುಳ ಬೆರಳ ತುದಿಯಿಂದ ಮಣಿಕಟ್ಟಿನ ಕಡೆ ಹರಿಯಿತು. ಉಬ್ಬಸ ಬರಲಿಲ್ಲ. ಆದರೂ ಅವಳ ಮುಖ ಬಾಡಿತು.

"ನಿಜದ ಹುಳದಂಗೆ ತಣ್ಣಗಿಲ್ಲ ಕಣ್ರೀ. ಬಂದೈತೆ, ಆದ್ರೆ ಬಂದಿಲ್ಲ."

ಬಾಯಿ ತೆರೆದರೆ ಮಾಗಡಿಯವರೆಗೂ ಕೇಳಿಸುವ ನಾನು ಪಿಸುದನಿಯಲ್ಲಿ ಮೆಹ್ರೀನ್ ಹತ್ತಿರ ತಣ್ಣೀರಿನ ಬಾಟಲಿ ಕೇಳಿ ಇಸ್ಕೊಂಡೆ. ಅದಕ್ಕೆ ಬೆರಳು ಒತ್ತಿ ಹಿಡಿದೆ. ಬೆರಳು ತಣ್ಣಗಾದ ಮೇಲೆ, ಅವಳ ಅಂಗೈಯಲ್ಲಿ ಆ ಹುಳದ ಹಿಂದೆಯೇ ಮೆಲ್ಲಗೆ ಹರಿಸಿದೆ.

"ಇದೇನು ಹುಳವಾ, ಓತಿಕ್ಯಾತನಾ? ಒಸಿ ನಿಧಾನ."

ನಿಧಾನ ಮಾಡಿದೆ.

"ತಲೆ ಎತ್ತಿ ಸೊಪ್ಪು ಹುಡುಕ್ತದೆ ಅದು, ಮರ್ತೋಯ್ತಾ?"

ಬೆರಳ ತುದಿ ಎತ್ತಿ, ಅತ್ತಿತ್ತ ಆಡಿಸಿ, ಮತ್ತೆ ಇಳಿಸಿದೆ. ಅವಳು ಕಣ್ಣು ಮುಚ್ಚಿದಳು. ಬಹಳ ಹೊತ್ತು ಉಸಿರು ಸಲೀಸಾಗಿ ಬಂದು ಹೋಗುತ್ತಿತ್ತು.

"ಹ್ಞೂಂ. ಈಗ ಐತೆ" ಎಂದು ಇನ್ನೊಂದು ಕೈಯನ್ನೂ ಚಾಚಿದಳು. "ಇದಕ್ಕೂ ಒಂದ್ ಬುಡಿ."