ನಾಲ್ಕನೆಯ ತಲೆ

ಒದ್ದೆ ಗೋಣಿಚೀಲ, ಬೀಡಿ ಹೊಗೆ, ಹುರಿದ ಶೇಂಗಾ ಎಲ್ಲ ಕೂಡಿದ ಒಂದು ವಾಸನೆ ಇತ್ತು. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಟಾಕೀಜಿನಲ್ಲಿ ಬೇಸಿಗೆಯ ಮ್ಯಾಟಿನಿಗೆ ಬಾಗಿಲುಗಳಿಗೆ ನೀರು ಚಿಮುಕಿಸಿದ ಗೋಣಿ ಇಳಿಬಿಡುತ್ತಿದ್ದರು. ಎಂಟು ವರ್ಷದ ರಾಜಶೇಖರ ಅದಕ್ಕೆ ಮುಖ ತಾಗಿಸಿಕೊಂಡೇ ಕತ್ತಲೆಯೊಳಗೆ ಹೋಗುತ್ತಿದ್ದ. ಈಗ ಅರವತ್ತಮೂರರ ರಾಜಶೇಖರ ಮಲ್ಟಿಪ್ಲೆಕ್ಸಿನ ಮೂರನೆಯ ಮಹಡಿಯಲ್ಲಿ ನಿಂತು ಆ ವಾಸನೆ ಹುಡುಕಿದ. ಸಿಕ್ಕದ್ದು ಬೆಣ್ಣೆ ಹಚ್ಚಿದ ಪಾಪ್‌ಕಾರ್ನ್ ಮತ್ತು ಫಿನಾಯಿಲು.

“ಅಂಕಲ್, ಶೋ ಆಗೂದಿಲ್ರಿ,” ಎಂದ ಕೌಂಟರಿನ ಹಿಂದಿದ್ದ ಆಶಿಷ್. ಎದೆಯ ಮೇಲೆ ಮ್ಯಾನೇಜರ್ ಎಂಬ ಬಿಲ್ಲೆ.

“ಟಿಕೆಟ್ ತಗೊಂಡೇನಲ್ಲ?”

“ನೀವೊಬ್ರ ತಗೊಂಡೀರಿ. ಕಮ್ಮಿ ಅಂದ್ರೂ ನಾಲ್ಕು ಮಂದಿ ಬೇಕು. ಇಲ್ಲಾಂದ್ರ ಮಷೀನ್ ಚಾಲೂ ಮಾಡಬ್ಯಾಡ ಅಂತ ಮ್ಯಾಲಿಂದ ಆರ್ಡರ್ ಐತಿ.”

“ಉಳಿದ ಮೂರೂ ಟಿಕೆಟ್ ನಾನ ತಗೋತೇನಿ.”

“ಟಿಕೆಟ್ ಅಲ್ರಿ ಅಂಕಲ್, ತಲಿ. ಒಳಗ ಕ್ಯಾಮೆರಾ ಐತಿ. ಎಲ್ಲೋ ಕುಂತು ತಲಿ ಎಣಸ್ತಾರ.” ಹುಡುಗ ದನಿ ತಗ್ಗಿಸಿದ. “ಹನ್ನೊಂದು ಮಂದಿ ಬುಕ್ ಆಗಿತ್ರಿ ನಿನ್ನೆ. ಇವತ್ತ ಪೇಪರಿನಾಗ ಯಾರೋ ಭಾಳ ಕೆಟ್ಟದಾಗಿ ಬರದಾರ. ಎಲ್ಲಾರೂ ಕ್ಯಾನ್ಸಲ್.”

“ಯಾರು ಬರದಾರ?”

“ಯಾರೋ ರಿಟೈರ್ಡ್ ಮಾಸ್ತರ್ ಇರಬೇಕು. ಕೆಲಸ ಇರೂದಿಲ್ಲಲ್ರಿ.”

ರಾಜಶೇಖರ ಕನ್ನಡಕ ತೆಗೆದು ಒರೆಸಿಕೊಂಡ. ಅದು ಸ್ವಚ್ಛವಾಗಿಯೇ ಇತ್ತು.

ಕಾಲೇಜಿನಿಂದ ನಿವೃತ್ತನಾದಾಗಿನಿಂದ ಪ್ರತಿ ಭಾನುವಾರ ಊರಿನ ಪತ್ರಿಕೆಗೆ ‘ಮೂರನೆಯ ಸಾಲು’ ಎಂಬ ಸಿನಿಮಾ ಕಾಲಂ ಬರೆಯುವವನು ಅವನೇ. ಈ ವಾರ ಬರೆದದ್ದು ಹೀಗೆ: ‘ನಿರ್ದೇಶಕರಿಗೆ ಹಸಿವು ಗೊತ್ತಿಲ್ಲ. ತನ್ನ ಊಟದ ಡಬ್ಬಿಯನ್ನು ವಿದ್ಯಾರ್ಥಿಗೆ ಕೊಟ್ಟು ತಾನು ಉಪವಾಸ ಬೀಳುವ ಅಧ್ಯಾಪಕರು ಕಣ್ಣೀರಿನ ಅಂಗಡಿಯಲ್ಲಿ ಮಾತ್ರ ಸಿಗುತ್ತಾರೆ. ನಾನು ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದೇನೆ. ಅಂಥ ಒಬ್ಬರನ್ನೂ ಕಂಡಿಲ್ಲ.’

ಸಿನಿಮಾವನ್ನು ಅವನು ನೋಡಿರಲಿಲ್ಲ. ಟ್ರೇಲರ್ ನೋಡಿದ್ದ, ಅದೂ ದನಿ ಇಲ್ಲದೆ. ಹೆಂಡತಿ ಸುಹಾಸಿನಿ ಪಕ್ಕದಲ್ಲಿ ಮಲಗಿದ್ದಳು.

ಈ ದಿನ ಬೆಳಿಗ್ಗೆ ಎಂಟಕ್ಕೆ ಫೋನು ಬಂದಿತ್ತು. “ಸರ್, ನಾನು ಫಕೀರೇಶ. ತೊಂಬತ್ತೆಂಟರ ಬ್ಯಾಚ್. ಆ ಪಿಕ್ಚರ್ ನಂದ ಐತ್ರಿ.”

“ಓಹೋ, ಫಕೀರೇಶ,” ಎಂದ ರಾಜಶೇಖರ. ಯಾವ ಫಕೀರೇಶ ಎಂದು ಹೊಳೆಯಲಿಲ್ಲ.

“ಕಾಲಂ ಓದಿದೆ. ಕಡೀ ಸೀನ್ ಬಗ್ಗೆ ಏನೂ ಬರದಿಲ್ಲಲ್ರಿ ಸರ್ ನೀವು. ಸಂಜೀಕ ಮನಿಗೆ ಬರ್ಲೇನ್ರಿ? ಅದೊಂದು ಕೇಳೂದೈತಿ.”

ಕಡೆಯ ಸೀನು ಟ್ರೇಲರಿನಲ್ಲಿ ಇರಲಿಲ್ಲ. ಬಾ ಎಂದು ಹೇಳಿ ಫೋನಿಟ್ಟವನು ತಿಂಡಿ ತಿನ್ನದೆ ಧಾರವಾಡದಿಂದ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದಿದ್ದ. ಎರಡೂ ಊರು ಸೇರಿ ಆ ಚಿತ್ರಕ್ಕಿದ್ದುದು ಹತ್ತೂವರೆಯ ಒಂದೇ ಆಟ. ಅದಕ್ಕೆ ಬೇಕಾದ ತಲೆಗಳನ್ನು ಅವನೇ ಬೆಳಗಾಗುವುದರೊಳಗೆ ಓಡಿಸಿದ್ದ.

“ಯಾರರ ಇದ್ದಾರೇನಪಾ, ಸುಮ್ಮನ ಕೂಡಾಕ?” ಎಂದು ಕೇಳಿದ. ಹಾಗೆ ಕೇಳುವಾಗ ತನ್ನ ದನಿ ಮದುವೆಯ ಮನೆಯಲ್ಲಿ ಪಂಕ್ತಿಗೆ ಮಂದಿ ಕರೆಯುವವನ ದನಿಯಂತೆ ಇದೆ ಎನ್ನಿಸಿತು.

ಆಶಿಷ್ ನಕ್ಕು, ಕಸಬರಿಗೆ ಹಿಡಿದು ಹೋಗುತ್ತಿದ್ದ ದಾನವ್ವನನ್ನು ಕರೆದ. ಆಕೆ ಒಲ್ಲೆ ಎಂದಳು.

“ಯುನಿಫಾರ್ಮ್ ಹಾಕ್ಕೊಂಡು ಕುಂತ್ರ ಬೈತಾರ್ರಿ.”

“ಬೈಯಾಂವ ನಾನ ಅಲ್ಲೇನು? ಕುಂದ್ರು ಹೋಗು.”

“ಎಂಟು ವರ್ಷ ಆತ್ರಿ ಸರ್ರ ಇಲ್ಲೆ ಕಸಾ ಹೊಡಿಯಾಕತ್ತು,” ಎಂದಳು ಆಕೆ ರಾಜಶೇಖರನಿಗೆ. “ಎಲ್ಲಾ ಪಿಕ್ಚರಿನ ಕಡೀ ಹೆಸರು ಬರೂದಷ್ಟ ನೋಡೇನಿ.”

ಬಾಗಿಲು ಕಾಯುವ ಹೊಳೆಯಪ್ಪ ಮೂರನೆಯವನಾದ. ನಾಲ್ಕನೆಯವನು ತಾನಾಗಿ ಬಂದ. ಪೋಸ್ಟರಿನ ಹತ್ತಿರ ಬಹಳ ಹೊತ್ತಿನಿಂದ ನಿಂತಿದ್ದ, ಟೋಪಿ ಹಾಕಿ ಮೂಗುಬಾಯಿಗೆ ಮಾಸ್ಕ್ ಕಟ್ಟಿದ ಯಾರೋ ಒಬ್ಬ. ಒಂದು ಟಿಕೆಟ್ ಎಂದು ಬೆರಳು ತೋರಿಸಿದ.

ಹೊರಗಿನ ತಿಂಡಿ ಒಳಗೆ ಒಯ್ಯುವಂತಿಲ್ಲ ಎಂಬ ಫಲಕದ ಕೆಳಗೆ ಹೊಳೆಯಪ್ಪ ಅವನ ಚೀಲ ಬಿಚ್ಚಿಸಿದ. ಒಳಗೆ ಸ್ಟೀಲಿನ ಡಬ್ಬಿ. ಹೊಳೆಯಪ್ಪ ಅದನ್ನೊಮ್ಮೆ ನೋಡಿದ, ಅವನನ್ನೊಮ್ಮೆ ನೋಡಿದ. ಆಮೇಲೆ ತಾನೇ ಜಿಪ್ ಎಳೆದು, “ಹೋಗ್ರಿ,” ಎಂದ.

ಶಿಸ್ತಿಲ್ಲ, ಎಂದುಕೊಂಡ ರಾಜಶೇಖರ.

ಮೂರನೆಯ ಸಾಲಿನಲ್ಲಿ ಕೂಡಲು ಹೋದವನನ್ನು ದಾನವ್ವ ತಡೆದಳು. “ಅಲ್ಲೆ ಬ್ಯಾಡ್ರಿ, ಎಸಿ ನೀರು ತಲಿ ಮ್ಯಾಲ ಹನಸತೈತಿ. ಈ ಕಡೆ ಬರ್ರಿ.” ತನ್ನ ಸೆರಗಿನಿಂದ ಒಂದು ಸೀಟು ಒರೆಸಿ, ತಾನು ಎರಡು ಸೀಟು ಬಿಟ್ಟು ಕೂತಳು. ಕಾಲಂ ಹೆಸರು ಮೂರನೆಯ ಸಾಲು, ಕೂತದ್ದು ಆರನೆಯ ಸಾಲು. ಯಾರೂ ನೋಡುತ್ತಿರಲಿಲ್ಲ.

ಕತ್ತಲಾಯಿತು. ಪಕ್ಕದ ಪರದೆಯಲ್ಲಿ ಯಾರೋ ಯಾರನ್ನೋ ಹೊಡೆಯುತ್ತಿದ್ದ ಸದ್ದು ಗೋಡೆಯೊಳಗಿಂದ ಬಂದು ಕುರ್ಚಿಯನ್ನು ನಡುಗಿಸಿತು.

ಹೊಸ ಸಿನಿಮಾಗಳ ಬಗ್ಗೆ ರಾಜಶೇಖರನ ಅಭಿಪ್ರಾಯ ಸಿದ್ಧವಿತ್ತು. ನಾಯಕ ನಡೆದು ಬರುವುದಕ್ಕೇ ಇಪ್ಪತ್ತು ನಿಮಿಷ. ಬಂದು ಮುಟ್ಟುವಷ್ಟರಲ್ಲಿ ಉಳಿದದ್ದು ಬರುವ ವರ್ಷ ಎಂದು ದೀಪ ಹಾಕುತ್ತಾರೆ. ಹೊಡೆದವರು ಯಾರು, ಹೊಡೆಸಿಕೊಂಡವರು ಯಾರು ಎಂಬುದು ರಕ್ತ ತೊಳೆದ ಮೇಲೆ ತಿಳಿಯಬೇಕು. ಹಳೆಯವುಗಳ ಬಗ್ಗೆಯೂ ಸಿದ್ಧವಿತ್ತು: ಅವುಗಳಲ್ಲಿ ಮನುಷ್ಯರಿದ್ದರು. ಆ ಮನುಷ್ಯರು ಏನು ಮಾಡಿದರೆಂಬುದು ಮಾತ್ರ ಅವನಿಗೆ ನೆನಪಿರಲಿಲ್ಲ. ಹೋದ ತಿಂಗಳು ಸುಹಾಸಿನಿ ಟೀವಿಯಲ್ಲಿ ಒಂದು ಹಳೆಯ ಚಿತ್ರ ಹಾಕಿದಾಗ ಹತ್ತು ನಿಮಿಷಕ್ಕೆ ಎದ್ದು ಹೋಗಿದ್ದ. ಹೊಲಿಗೆ ಮಷೀನಿನ ಮುಂದೆ ಕೂತ ತಾಯಿ ಅಳುತ್ತಲೇ ಇದ್ದಳು, ಹೊಲಿಗೆ ಒಂದಿಂಚೂ ಮುಂದೆ ಹೋಗಿರಲಿಲ್ಲ. ಆ ವಾರ ಕಾಲಮ್ಮಿನಲ್ಲಿ ‘ಇಂದಿಗೂ ಕಣ್ಣು ತೇವವಾಗುತ್ತದೆ’ ಎಂದು ಬರೆದ.

“ಯಾರ ಕಣ್ಣು?” ಎಂದು ಕೇಳಿದ್ದಳು ಸುಹಾಸಿನಿ ಓದಿ.

ಅವನು ಚಹಾ ಕೇಳಿದ್ದ. ಆಕೆ ಅವನ ಜೊತೆ ಸಿನಿಮಾಕ್ಕೆ ಬರುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ನೀವು ಮಾತಾಡೂದು ಕೇಳ್ತೈತಿ, ಅವರು ಮಾತಾಡೂದು ಕೇಳೂದಿಲ್ಲ ಎಂಬುದು ಆಕೆಯ ಕಾರಣ.

ಪರದೆಯ ಮೇಲೆ ಒಬ್ಬ ಹುಡುಗ ತಾರಿಹಾಳದ ವರ್ಕ್‌ಶಾಪಿನಲ್ಲಿ ರಾತ್ರಿಪಾಳಿ ಮುಗಿಸಿ, ಕೈಯ ಗ್ರೀಸು ತೊಳೆದು, ಕಾಲೇಜಿಗೆ ನಡೆಯುತ್ತಿದ್ದ. ನಡೆಯುತ್ತಲೇ ಇದ್ದ.

“ಕ್ಯಾಮೆರಾ ಸುಮ್ಮನ ನಿಂತಬಿಟ್ಟೈತಿ,” ಎಂದ ರಾಜಶೇಖರ, ರೂಢಿಯಂತೆ, ಪಕ್ಕಕ್ಕೆ ವಾಲಿ.

“ನಿಲ್ಲಲಿ ಬಿಡ್ರಿ, ಪಾಪ,” ಎಂದಳು ದಾನವ್ವ ಪರದೆಯಿಂದ ಕಣ್ಣು ತೆಗೆಯದೆ.

ಮಧ್ಯಂತರದಲ್ಲಿ ನೀರಿನ ಯಂತ್ರದ ಹತ್ತಿರ ನಾಲ್ಕನೆಯವನು ನಿಂತಿದ್ದ. ಮೊದಲು ತುಂಬಿದ ಲೋಟವನ್ನು ರಾಜಶೇಖರನ ಕಡೆ ಚಾಚಿದ.

“ಹೆಂಗ ಅನಸ್ತ್ರಿ?”

“ಅನಸೂದೇನು? ಈ ಡೈರೆಕ್ಟರ್ ಎಂದೂ ಹಸದಾಂವ ಅಲ್ಲ. ಹಸಿವು ಅಂದ್ರ ಪುಸ್ತಕದಾಗ ಓದ್ಯಾನ.”

“ಇರಬಹುದ್ರಿ.”

“ಇನ್ನ ಮುಂದ ಒಬ್ಬ ಮಾಸ್ತರ್ ಬರ್ತಾನ ನೋಡ್ರಿ. ಡಬ್ಬಿ ಕೊಡ್ತಾನ.”

“ಮೊದಲ ನೋಡೀರೇನ್ರಿ?”

“ನೋಡೂದೇನೈತಿ? ನಾ ಪೇಪರಿಗೆ ಬರಿಯಾಂವ. ಎರಡು ನಿಮಿಷದ ಟ್ರೇಲರ್ ಸಾಕು. ಮೂರು ವರ್ಷ ಆತು, ಹಂಗ ಬರಿಯಾಕತ್ತೇನಿ. ಒಬ್ರೂ ತಪ್ಪು ಹಿಡದಿಲ್ಲ.”

ಹೇಳಿದ ಮೇಲೆ ಅವನಿಗೇ ಅಚ್ಚರಿಯಾಯಿತು. ಸುಹಾಸಿನಿಗೂ ಹೇಳದ ಮಾತು. ಬಸ್ಸಿನಲ್ಲಿ ಪಕ್ಕದವನಿಗೆ ತನ್ನ ರೋಗ ಹೇಳಿಕೊಂಡಂತೆ ಮೈ ಹಗುರವಾಯಿತು.

“ಹಂಗಾದ್ರ ಇವತ್ತ ಯಾಕ ಬಂದ್ರಿ?”

“ಆ ಡೈರೆಕ್ಟರ್ ಸಂಜೀಕ ಮನಿಗೆ ಬರಾಂವ. ನನ್ನ ಶಿಷ್ಯ ಅಂತ. ಮಾರಿ ನೆನಪಿಲ್ಲ.”

ಆ ಮನುಷ್ಯ ತಲೆಯಾಡಿಸಿದ. ಕಿವಿಯ ಹಿಂದಿನ ಮಾಸ್ಕಿನ ದಾರವನ್ನು ಸರಿಮಾಡಿಕೊಂಡು ಕೊನೆಯ ಸಾಲಿಗೆ ಹೋದ. ನೀರು ಕುಡಿದಿರಲಿಲ್ಲ.

ಎರಡನೆಯ ಅರ್ಧದಲ್ಲಿ ಮಾಸ್ತರ್ ಬಂದ. ಮಧ್ಯಾಹ್ನದ ಖಾಲಿ ತರಗತಿ. ಮುಂದಿನ ಬೆಂಚಿನಲ್ಲಿ ಹುಡುಗ ಹೊಟ್ಟೆಗೆ ಪುಸ್ತಕ ಒತ್ತಿಕೊಂಡು ಕೂತಿದ್ದಾನೆ. ಮಾಸ್ತರ್ ನೀಲಿ ಅಂಚಿನ ಕರವಸ್ತ್ರದಲ್ಲಿ ಗಂಟು ಕಟ್ಟಿದ ಡಬ್ಬಿಯನ್ನು ಬೆಂಚಿನ ಮೇಲೆ ಇಡುತ್ತಾನೆ. “ತಗೋಪಾ. ಇವತ್ತ ನನಗ ಸೋಮವಾರ.”

ಹುಡುಗ ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ. ಗುರುವಾರ. ಮಾಸ್ತರ್ ಆಗಲೇ ಹೊರಗೆ ಹೋಗಿದ್ದಾನೆ. ಲೈಬ್ರರಿಯ ಹಿಂದಿನ ನಲ್ಲಿಗೆ ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದಾನೆ. ಬಹಳ ಹೊತ್ತು ಕುಡಿಯುತ್ತಾನೆ.

ರಾಜಶೇಖರನ ಕೈ ಜೇಬಿಗೆ ಹೋಯಿತು. ನೀಲಿ ಅಂಚು. ಸುಹಾಸಿನಿ ಮದುವೆಯಾದಾಗಿನಿಂದ ಅದೇ ಅಂಚಿನ ಕರವಸ್ತ್ರ ತರುತ್ತಿದ್ದಳು.

ಅವನಿಗೆ ನೆನಪಾಯಿತು. ಹುಡುಗನಲ್ಲ, ಡಬ್ಬಿ. ಹನ್ನೆರಡರಿಂದ ಮೂರರವರೆಗೆ ಅವನಿಗೆ ಕ್ಲಾಸು ಇರುತ್ತಿರಲಿಲ್ಲ, ಕಾಲೇಜಿನ ಎದುರು ರಸ್ತೆ ದಾಟಿದರೆ ಟಾಕೀಜು. ಊಟಕ್ಕೆ ಕೂತರೆ ಮಧ್ಯಾಹ್ನದ ಆಟದ ಶುರುವಿನ ಹೆಸರು ಬರುವುದು ತಪ್ಪುತ್ತಿತ್ತು. ತುಂಬಿದ ಡಬ್ಬಿ ಮನೆಗೆ ಹೋದರೆ ಸುಹಾಸಿನಿ ಕೇಳುತ್ತಿದ್ದಳು. ಚೆಲ್ಲಿದರೆ ಯಾರಾದರೂ ನೋಡುತ್ತಿದ್ದರು. ಮುಂದಿನ ಬೆಂಚಿನಲ್ಲಿ ಯಾರೋ ಒಬ್ಬ ಯಾವಾಗಲೂ ಇರುತ್ತಿದ್ದ. ಸೋಮವಾರದ ಉಪವಾಸ ಎಂದರೆ ಈ ಊರಿನಲ್ಲಿ ಯಾರೂ ಮರುಮಾತು ಕೇಳುವುದಿಲ್ಲ. ವಾರ ಯಾವುದೆಂದು ಅವನು ನೋಡಿಯೂ ಇರಲಿಲ್ಲ.

ಆ ವರ್ಷ ನೋಡಿದ ಚಿತ್ರಗಳು ಬಿಡಿಬಿಡಿಯಾಗಿ ಬಂದವು. ಅವಳಿ ಅಣ್ಣತಮ್ಮಂದಿರು, ಒಬ್ಬ ಕುರುಡ. ಬಾಡಿಗೆ ಮನೆಯ ಮಾಳಿಗೆಯ ಮೇಲೆ ಒಂದು ಹಾಡು. ಕಾಗದದ ಪೊಟ್ಟಣದ ಶೇಂಗಾ, ಬೆರಳಿಗೆ ಹತ್ತಿದ ಉಪ್ಪು. ಹುಡುಗನ ಮುಖ ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿ ಹುಡುಕಿದ. ಬೆಂಚು ಬಂತು, ಬೆಂಚಿನ ಮೇಲೆ ಡಬ್ಬಿ ಬಂತು, ಡಬ್ಬಿಯ ಹಿಂದೆ ಏನೂ ಇರಲಿಲ್ಲ.

ಇಂಥ ಅಧ್ಯಾಪಕ ಎಲ್ಲೂ ಇಲ್ಲ ಎಂದು ಬರೆದದ್ದು ನಿಜವಾಗಿತ್ತು. ಮೂರು ವರ್ಷದಲ್ಲಿ ಅವನು ಬರೆದ ಒಂದೇ ನಿಜ.

ದಾನವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ತಾ ಉಪಾಸ ಬಿದ್ದು ಹುಡುಗಗ ಹಾಕ್ಯಾನ. ಇಂಥವ್ರು ಇರ್ತಾರೇನ ಹೊಳೆಪ್ಪಾ?”

ಹಿಂದಿನ ಸಾಲಿನಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡಿದ್ದ ಹೊಳೆಯಪ್ಪ ಯೋಚಿಸಿ ಹೇಳಿದ. “ಇರ್ತಾರ. ಇರದಿದ್ರ ಯಾಕ ಪಿಕ್ಚರ್ ತಗೀತಿದ್ರು?”

ಕಡೆಯ ಸೀನು ಸಣ್ಣದಿತ್ತು. ಹುಡುಗ ದೊಡ್ಡವನಾಗಿದ್ದಾನೆ. ಡಬ್ಬಿ ಹಿಡಿದು ಹಳೆಯ ಮಾಸ್ತರರ ಮನೆಯ ಮುಂದೆ ನಿಲ್ಲುತ್ತಾನೆ, ಕರೆಗಂಟೆ ಒತ್ತುತ್ತಾನೆ. ಒಳಗೆ ಟೀವಿಯ ಸದ್ದಿದೆ. ಬಾಗಿಲು ತೆರೆಯುವುದಿಲ್ಲ. ಅವನು ನಿಂತಿರುವಂತೆಯೇ ಹೆಸರುಗಳು ಮೇಲೇರಿದವು.

ದೀಪ ಬಂತು. ದಾನವ್ವ ಎದ್ದು ಕಸಬರಿಗೆ ತೆಗೆದುಕೊಂಡಳು. ಇಲ್ಲಿಂದ ಮುಂದಿನದು ಆಕೆಗೆ ಗೊತ್ತಿದ್ದ ಭಾಗ. ಹೊಳೆಯಪ್ಪ ಟೋಪಿ ಹಾಕಿಕೊಂಡು ಬಾಗಿಲಿಗೆ ಹೋದ. ಗೋಡೆಯಾಚೆ ಇನ್ನೂ ಹೊಡೆಯುತ್ತಿದ್ದರು.

ಕೊನೆಯ ಸಾಲಿನವನು ಮೆಟ್ಟಿಲಿಳಿದು ಬಂದು ರಾಜಶೇಖರನ ಸಾಲಿನ ತುದಿಯಲ್ಲಿ ನಿಂತ. ಟೋಪಿ ತೆಗೆದ, ಮಾಸ್ಕ್ ತೆಗೆದ. ನಲವತ್ತು ದಾಟಿದ ಮುಖ, ಕಿವಿಯ ಹತ್ತಿರ ಬಿಳಿಗೂದಲು. ಈಗಲೂ ಅದು ಯಾರ ಮುಖವೆಂದು ರಾಜಶೇಖರನಿಗೆ ಗುರುತು ಹತ್ತಲಿಲ್ಲ. ಆದರೆ ಗೊತ್ತಾಯಿತು.

“ನಾನ್ರಿ ಸರ್. ಫಕೀರೇಶ.”

ರಾಜಶೇಖರನ ಬಾಯಿ ತಾನಾಗಿ ತೆರೆಯಿತು. “ಛಾಯಾಗ್ರಹಣ ಛಲೋ ಐತಿ.”

“ಹೌದ್ರಿ.”

ಪೊರಕೆಯ ಸದ್ದು ಮೊದಲ ಸಾಲಿನಿಂದ ಹತ್ತಿರ ಬರುತ್ತಿತ್ತು.

“ಒಂದ ಕೇಳೂದಿತ್ರಿ,” ಎಂದ ಫಕೀರೇಶ. “ಕಡೀಕ ಆ ಬಾಗಲಾ ತಗೀಬೇಕಿತ್ತೇನ್ರಿ?”

ಉತ್ತರಗಳು ಸಿದ್ಧವಿದ್ದವು. ಮುಕ್ತ ಅಂತ್ಯ, ಪ್ರೇಕ್ಷಕನ ಹೊಣೆ. ಮೂವತ್ತನಾಲ್ಕು ವರ್ಷ ಅಂಥವುಗಳನ್ನು ನೋಟ್ಸು ಬರೆಸಿದ್ದ.

“ಫಕೀರೇಶ, ಅವತ್ತ ನಾ ಉಪಾಸ ಇರಲಿಲ್ಲಪಾ. ನಾ ಅವತ್ತ...”

“ಗೊತ್ತೈತ್ರಿ ಸರ್.”

ಏನು ಗೊತ್ತು? ಆ ದಿನ ಸೋಮವಾರ ಅಲ್ಲವೆಂದೇ? ಡಬ್ಬಿ ತೊಳೆದು ಹಿಂದಿರುಗಿಸಲು ಬಂದ ಹುಡುಗ ರಸ್ತೆ ದಾಟಿ ಟಾಕೀಜಿನ ಬಾಗಿಲ ತನಕ ಬಂದಿದ್ದನೇ? ಗೊತ್ತಿದ್ದೂ ಆ ನಲ್ಲಿಯ ನೀರನ್ನು ಅವನು ತಾನೇ ಸಿನಿಮಾದ ಮಾಸ್ತರನಿಗೆ ಕುಡಿಸಿದನೇ? ಕೇಳಬೇಕೆಂದರೆ ಮೊದಲು ಹೇಳಬೇಕಾಗಿತ್ತು. ಮಧ್ಯಂತರದಲ್ಲಿ ಗುರುತಿಲ್ಲದವನಿಗೆ ಅಷ್ಟು ಸಲೀಸಾಗಿ ಹೇಳಿದ ನಾಲಿಗೆ ಗುರುತು ಹೇಳಿಕೊಂಡವನ ಮುಂದೆ ಏಳಲಿಲ್ಲ.

“ಸಂಜೀಕ ಮನಿಗೆ...”

“ಬರೂದಿಲ್ರಿ. ಇಲ್ಲೆ ಭೆಟ್ಟಿ ಆತಲ್ಲ. ಮತ್ತ ಹಾದ್ಯಾಗ ಬೆಂಗೇರಿಗೆ ಹೋಗಿ ಅವ್ವನ್ನ ನೋಡಬೇಕು.”

“ಸರ್ರ, ಕಾಲ ಒಂಚೂರ ಮ್ಯಾಲ ಎತ್ತ್ರಿ,” ಎಂದಳು ದಾನವ್ವ. ಆಕೆಯ ಕಸಬರಿಗೆ ಅವನ ಚಪ್ಪಲಿಯ ತುದಿಗೆ ಬಂದಿತ್ತು. ಕುರ್ಚಿಗಳ ಕೆಳಗೆ ಗುಡಿಸಲು ಏನೂ ಇರಲಿಲ್ಲ. ನಾಲ್ಕು ಮಂದಿಯೂ ಏನೂ ತಿಂದಿರಲಿಲ್ಲ. ಆದರೂ ಆಕೆ ಗುಡಿಸಿದಳು.

ರಾಜಶೇಖರ ಎರಡೂ ಕಾಲು ಎತ್ತಿದ.

ಫಕೀರೇಶ ಚೀಲದ ಜಿಪ್ ಎಳೆದ. ಡಬ್ಬಿಯನ್ನು ಎರಡೂ ಕೈಯಿಂದ ತೆಗೆದು, ಸದ್ದಾಗದ ಹಾಗೆ ಅವನ ತೊಡೆಯ ಮೇಲೆ ಇಟ್ಟ. ಅದು ಇನ್ನೂ ಬೆಚ್ಚಗಿತ್ತು. ಮುಚ್ಚಳದ ಸಂದಿಯಿಂದ ರೊಟ್ಟಿಯ ಜೊತೆ ಹುರಿದ ಶೇಂಗಾದ ವಾಸನೆ ಬರುತ್ತಿತ್ತು.

“ಉಣ್ರಿ ಸರ್. ಮುಂಜಾನಿಯಿಂದ ಏನೂ ತಿಂದಂಗಿಲ್ಲ ನೀವು. ಇವತ್ತ ನನಗ ಸೋಮವಾರ.”

ಅಂದು ಭಾನುವಾರ. ಫಕೀರೇಶ ಮೆಟ್ಟಿಲಿಳಿದು ಹೋದ. ಅವನು ನಕ್ಕಿದ್ದನೋ ಇಲ್ಲವೋ ನೋಡಲು ಆಗಲಿಲ್ಲ. ಪರದೆ ಬೆಳ್ಳಗೆ ಉಳಿದಿತ್ತು. ದಾನವ್ವ ಗುಡಿಸುತ್ತ ಗುಡಿಸುತ್ತ ಕೊನೆಯ ಸಾಲು ಮುಟ್ಟಿದಳು. ರಾಜಶೇಖರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ, ಎರಡೂ ಕಾಲು ನೆಲದಿಂದ ಮೇಲೆ, ಇಳಿಸು ಎಂದು ಯಾರೂ ಹೇಳಿರಲಿಲ್ಲ.