ಕೊಟ್ಟಿಗೆಯ ಕಂಬದಲ್ಲಿ ಕರೆಂಟು

ರಾಧಳ ಮನೆಯ ಸೀಮೆಹಸು ನೀರು ಕುಡಿಯುವುದನ್ನು ಬಿಟ್ಟಿತ್ತು. ಬಾಯಾರಿಕೆಯಿಂದ ತೊಟ್ಟಿಯ ಹತ್ತಿರ ಬರುವುದು, ಮೂತಿ ಇಳಿಸುವುದು, ತುಟಿ ತಾಗುತ್ತಲೇ ಬೆಚ್ಚಿ ಹಿಂದಕ್ಕೆ ಸರಿಯುವುದು. ಹಾಲು ದಿನದಿನಕ್ಕೆ ಇಳಿಯಿತು. ಕ್ಯಾಸಂಬಳ್ಳಿಯಿಂದ ಡಾಕ್ಟರು ಬಂದು ಬಾಯಿ, ಗಂಟಲು, ಹೊಟ್ಟೆ ಎಲ್ಲ ನೋಡಿ ರೋಗವೇನೂ ಇಲ್ಲವೆಂದರು. ಅತ್ತೆ ಚಿಕ್ಕವೆಂಕಟಮ್ಮ ದೃಷ್ಟಿಯಾಗಿದೆಯೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಒಂದು ಬೆಳಿಗ್ಗೆ ಮಳೆ ಬಿದ್ದು ಕೊಟ್ಟಿಗೆಯೆಲ್ಲ ರಾಡಿಯಾಗಿತ್ತು. ಚಪ್ಪಲಿ ಜಾರುತ್ತದೆಂದು ರಾಧ ಅದನ್ನು ಹೊರಗೇ ಬಿಟ್ಟು ಒಳಗೆ ಹೋದಳು. ಸಗಣಿ ಬಾಚಿ ಮೇಲೇಳುವಾಗ ಆಸರೆಗೆ ಕಬ್ಬಿಣದ ಕಂಬ ಹಿಡಿದಳು. ಅಂಗೈಯಿಂದ ಮೊಣಕೈವರೆಗೂ ಜುಮ್ಮೆಂದಿತು. ಕೈ ಕಿತ್ತುಕೊಂಡು ದೂರ ನಿಂತು ನೋಡಿದಳು. ಕಬ್ಬಿಣದ ಡ್ರಮ್ಮು ಕೊಯ್ದು ಮಾಡಿದ ನೀರಿನ ತೊಟ್ಟಿಯನ್ನು ಅದೇ ಕಂಬಕ್ಕೆ ಸರಪಳಿಯಿಂದ ಬಿಗಿದಿದ್ದರು. ಕಂಬದ ಮೇಲೆ ತಗಡಿನ ಮಾಡು. ಮಾಡಿನ ಅಂಚಿನ ಮೇಲೆ, ಮನೆಯಿಂದ ಕೊಟ್ಟಿಗೆಯ ಬಲ್ಬಿಗೆ ಎಳೆದ, ರಬ್ಬರು ಸವೆದು ತಗಡಿಗೆ ತಾಗಿದ್ದ ಹಳೆಯ ವೈರು.

ಅವಳು ಮನೆಗೆ ಓಡಿ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದಳು. ಮತ್ತೆ ಬಂದು ನೋಡಿದರೆ ಹಸು ತೊಟ್ಟಿಗೆ ಮೂತಿ ಹಾಕಿ ಕುಡಿಯುತ್ತಿತ್ತು. ಬಸಬಸ ಸದ್ದು ಮಾಡುತ್ತಾ ತೊಟ್ಟಿಯ ತಳ ಕಾಣುವವರೆಗೂ ಕುಡಿಯಿತು. ರಾಧಳಿಗೆ ಅಳು ಬಂದಂತಾಯಿತು. ಇಷ್ಟು ದಿನ ಅದಕ್ಕೆ ಔಷಧಿ ಕುಡಿಸಿದ್ದರು, ಬೈದಿದ್ದರು, ಮೂಗುದಾರ ಹಿಡಿದು ಅದೇ ತೊಟ್ಟಿಯ ಹತ್ತಿರ ಎಳೆದಿದ್ದರು.

ಆ ವೈರೊಂದನ್ನು ಬದಲಾಯಿಸಿದರೆ ಸಾಕೆಂದು ಮನೆಯಲ್ಲಿ ಎಲ್ಲರೂ ಹೇಳಿದರು. ರಾಧ ಒಪ್ಪಲಿಲ್ಲ, ಇಡೀ ಮನೆಯ ವೈರಿಂಗ್ ಬದಲಾಗಬೇಕೆಂದಳು. ಕಲ್ಲುಚಪ್ಪಡಿಯ, ಮಣ್ಣುಗೋಡೆಯ ಮನೆ ಅದು. ಊರಿಗೆ ಕರೆಂಟು ಬಂದ ಹೊಸದರಲ್ಲಿ ಮಾವ ಕೋದಂಡಪ್ಪನ ಅಪ್ಪ ಮರದ ಪಟ್ಟಿಗಳೊಳಗೆ ವೈರು ಎಳೆಸಿದ್ದ. ಆಮೇಲೆ ಫ್ಯಾನು, ಟಿವಿ, ಫ್ರಿಜ್ಜು, ಗ್ರೈಂಡರು ಒಂದೊಂದೇ ಬಂದವು, ವೈರು ಮಾತ್ರ ಅದೇ ಉಳಿಯಿತು. ಫ್ಯೂಸು ಪದೇಪದೇ ಹೋಗುತ್ತದೆಂದು ಕೋದಂಡಪ್ಪ ಅದಕ್ಕೆ ದಪ್ಪ ತಂತಿ ಕಟ್ಟಿದ್ದ. ಅಲ್ಲಿಂದೀಚೆಗೆ ಫ್ಯೂಸು ಒಮ್ಮೆಯೂ ಹೋಗಿರಲಿಲ್ಲ. ಅದು ಅವನ ಹೆಮ್ಮೆಯ ಮಾತಾಗಿತ್ತು.

ಮುಂದಿನ ತಿಂಗಳು ನಾದಿನಿ ಚಂದನಳ ನಿಶ್ಚಿತಾರ್ಥ, ಇದೇ ಮನೆಯಂಗಳದಲ್ಲಿ. ಹಾಲಿನ ದುಡ್ಡನ್ನು ಉಳಿಸಿಟ್ಟಿದ್ದು ಮನೆಗೆ ಬಣ್ಣ ಬಳಿಸಲೆಂದು. ಬೀಗರು ಗೋಡೆ ನೋಡುತ್ತಾರೆಯೇ ಹೊರತು ವೈರು ನೋಡುತ್ತಾರೆಯೇ ಎಂದು ಚಿಕ್ಕವೆಂಕಟಮ್ಮ ಕೇಳಿದಳು. ಗಂಡ ಮುನಿರಾಜು ಬಂಗಾರಪೇಟೆಯಿಂದ ರೈಲು ಹತ್ತಿ ದಿನಾ ಫ್ಯಾಕ್ಟರಿ ಕೆಲಸಕ್ಕೆ ಹೋಗಿಬರುವವನು. ನಿಶ್ಚಿತಾರ್ಥ ಮುಗಿಯಲಿ, ಆಮೇಲೆ ನೋಡೋಣ ಅಂದ.

ಕೋದಂಡಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮೇನ್ ಆಕಿದ್ರೆ ಬಲ್ಬು ಉರೀತೈತೆ, ಫ್ಯಾನು ತಿರುಗ್ತೈತೆ. ಇನ್ನೇನಾಗ್ಬೇಕಮ್ಮ?"

"ಮಾವ, ನಿಶ್ಚಿತಾರ್ಥಕ್ಕೆ ಬರೋ ಮಕ್ಳು ಆ ಕಂಬ ಇಡ್ಕೊಂಡೇ ಆಡ್ತಾವೆ," ಅಂದಳು ರಾಧ. "ಅಸು ಎಂಗೋ ತಿಳ್ಕೊಂಡು ಇಂದಕ್ಕೆ ಸರೀತು. ಮಕ್ಳಿಗೆ ತಿಳೀತೈತಾ? ವೈರಿಂಗ್ ಆಗೋವರ್ಗೂ ನಾನು ಮೇನ್ ಆಕಲ್ಲ. ನೀವು ಆಕಿದ್ರೆ ತೆಗೀತೀನಿ."

ಮದುವೆಯಾಗಿ ಬಂದ ಮೇಲೆ ಮಾವನ ಎದುರು ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ಆಡಿದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಮನೆ ಕತ್ತಲಲ್ಲೇ ಉಳಿಯಿತು. ರಾಧ ಒರಳಲ್ಲಿ ಚಟ್ನಿ ರುಬ್ಬಿದಳು, ದೀಪ ಇಟ್ಟುಕೊಂಡು ಹಾಲು ಕರೆದಳು, ಬೀದಿಯ ನಲ್ಲಿಯಿಂದ ನೀರು ಹೊತ್ತಳು. ಮುನಿರಾಜು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಫೋನು ಚಾರ್ಜು ಮಾಡಿಕೊಂಡು ಬರತೊಡಗಿದ. ಅಕ್ಕಪಕ್ಕದವರು ನಕ್ಕರು. ಕೋದಂಡಪ್ಪ ಒಂದು ಸಂಜೆ ಎದ್ದು ಮೇನ್ ಸ್ವಿಚ್ಚಿನ ಹತ್ತಿರ ಹೋದ. ರಾಧ ಬಂದು ಪಕ್ಕದಲ್ಲಿ ನಿಂತಳು. ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಜಗಲಿಗೆ ಹೋದ. "ಕರೆಸು ಯಾರನ್ನ ಕರೆಸ್ತೀಯೋ," ಅಂದ, ಬೀದಿಯ ಕಡೆ ಮುಖ ಮಾಡಿಕೊಂಡೇ.

ಊರಿಗಾಂನಿಂದ ಸೆಲ್ವರಾಜ್ ಬಂದ. ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್. ಹಜಾರದಲ್ಲಿ, ಹಾಸಿಗೆ ಕಂಬಳಿಗಳನ್ನು ಒಟ್ಟಿಡುವ ಮೂಲೆಯ ಮೇಲೆ ಹೋಗಿದ್ದ ಪಟ್ಟಿಯನ್ನು ಮೊದಲು ಬಿಚ್ಚಿದ. ಒಳಗಡೆ ಮರ ಇದ್ದಿಲಿನಂತೆ ಕಪ್ಪಾಗಿತ್ತು. ವೈರಿನ ರಬ್ಬರು ಮುಟ್ಟಿದರೆ ಪುಡಿಪುಡಿಯಾಗಿ ಉದುರಿತು. ರಾತ್ರಿ ಚಂದನ ಮಲಗುತ್ತಿದ್ದುದು ಅದೇ ಮೂಲೆಯಲ್ಲಿ.

ಕೋದಂಡಪ್ಪ ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಫ್ಯೂಸು ಯಾಕೆ ಹೋಗಲಿಲ್ಲ ಎಂದು ಮೆಲ್ಲಗೆ ಕೇಳಿದ.

"ನೀವು ಕಟ್ಟಿರೋ ತಂತಿ ಓಗಲ್ಲ ಅಯ್ಯಾ. ಅದು ಓಗ್ದಿದ್ರೆ ವೈರು ಬೇಯ್ತೈತೆ," ಅಂದ ಸೆಲ್ವರಾಜ್. "ನಮ್ಮ ಮನೇಲೂ ಅಪ್ಪಾ ಅಂಗೇ ಕಟ್ಟಿದ್ರು."

ಮರುದಿನ ಬೆಳಿಗ್ಗೆ ರಾಧ ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅಂಗಳದಲ್ಲಿ ಗಡಾರಿಯ ಸದ್ದು ಕೇಳುತ್ತಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿಗೆ ಆಳವಾದ ಗುಂಡಿ ಬೇಕೆಂದು ಸೆಲ್ವರಾಜ್ ಹೇಳಿದ್ದ. ಮಾವ ತಾನೇ ಅಗೆಯುತ್ತಿದ್ದ. ಮೊಣಕಾಲಿನಷ್ಟು ಅಗೆಯುವಷ್ಟರಲ್ಲಿ ಬಂಡೆ ಸಿಕ್ಕಿತು. ಜಾಗ ಬದಲಾಯಿಸಿದ, ಅಲ್ಲೂ ಬಂಡೆ. ಅಂಗೈಯಲ್ಲಿ ಬೊಬ್ಬೆಗಳೆದ್ದವು. ಆಳು ಕರೆಸೋಣವೆಂದರೆ ಬೇಡ ಅಂದ. ಕೊನೆಗೆ ಚಿಕ್ಕವೆಂಕಟಮ್ಮನೇ ಹಿತ್ತಲಿಗೆ ಹೋಗಿ, ಬಚ್ಚಲ ನೀರು ಹರಿಯುವ ಕಡೆ ತಾನು ಬೆಳೆಸಿದ್ದ ಬಾಳೆಯನ್ನು ಬುಡಸಮೇತ ಕಿತ್ತು ಬದಿಗಿಟ್ಟು, "ಇಲ್ಲಿ ಮೆತ್ತಗೈತೆ, ಇಲ್ಲಿ ತೋಡಿ" ಅಂದಳು. ಅಲ್ಲಿ ಗುಂಡಿ ಇಳಿಯಿತು. ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿ, ನೀರು ಹೊಯ್ದರು.

ಮಣ್ಣುಗೋಡೆ ಕೊರೆದರೆ ಉದುರುತ್ತದೆಂದು ಗೋಡೆಯ ಮೇಲೆಯೇ ಬಿಳಿ ಪೈಪುಗಳಲ್ಲಿ, ಬಣ್ಣಕ್ಕೆಂದಿಟ್ಟ ದುಡ್ಡಿನಲ್ಲಿ, ಹೊಸ ವೈರು ಹೋಯಿತು. ಫ್ರಿಜ್ಜು ಗ್ರೈಂಡರುಗಳಿಗೆ ಬೇರೆ ಲೈನು, ಕೊಟ್ಟಿಗೆಗೆ ಬೇರೆ. ಹಳೆಯ ಫ್ಯೂಸಿನ ಜಾಗದಲ್ಲಿ ಸರಿಯಾದ ಸ್ವಿಚ್ಚುಗಳ ಹೊಸ ಪೆಟ್ಟಿಗೆ ಬಂತು. ಅದರಲ್ಲಿ ಒಂದು ಟ್ರಿಪ್ ಸ್ವಿಚ್ಚು. ಎಲ್ಲಿಯಾದರೂ ಕರೆಂಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಕೆಳಗೆ ಬಿದ್ದು ಕರೆಂಟು ಕಡಿಯುತ್ತದೆಂದು ಸೆಲ್ವರಾಜ್ ತೋರಿಸಿಕೊಟ್ಟ.

ನಿಶ್ಚಿತಾರ್ಥದ ಹಿಂದಿನ ಸಂಜೆ ಆ ಟ್ರಿಪ್ ಸ್ವಿಚ್ಚು ಬಿತ್ತು. ಮನೆ ತುಂಬ ನೆಂಟರು, ಅಡುಗೆ ಅರ್ಧದಲ್ಲಿತ್ತು. ಮೇಲೆತ್ತಿದರು, ಮತ್ತೆ ಬಿತ್ತು. ಹೊಸ ಸಾಮಾನೇ ಸರಿಯಿಲ್ಲವೆಂದು ಒಬ್ಬರು, ಹಳೆಯದೇ ವಾಸಿಯಿತ್ತೆಂದು ಇನ್ನೊಬ್ಬರು. ಆಗಷ್ಟೇ ರೈಲಿಳಿದು ಬಂದಿದ್ದ ಮುನಿರಾಜು, ಈ ಸ್ವಿಚ್ಚನ್ನು ತಪ್ಪಿಸಿ ನೇರವಾಗಿ ಲೈನು ಕೊಟ್ಟುಬಿಡೋಣ, ಎರಡು ದಿನದ ಮಾತು ತಾನೇ ಎನ್ನುತ್ತಾ ಸ್ಕ್ರೂಡ್ರೈವರ್ ತಂದ. ರಾಧ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಕೋದಂಡಪ್ಪ ಮಗನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡ.

"ಅದು ಬೀಳ್ತೈತೆ ಅಂದ್ರೆ ಎಲ್ಲೋ ಏನೋ ಐತೆ ಕಣ್ಲಾ. ಮೊದ್ಲು ಅದನ್ನ ಉಡುಕು."

ಮಾವ ಸೊಸೆ ಇಬ್ಬರೂ ಟಾರ್ಚು ಹಿಡಿದು ಎಲ್ಲ ಪ್ಲಗ್ಗುಗಳನ್ನೂ ಕಿತ್ತರು. ಸ್ವಿಚ್ಚು ಬೀಳದೆ ನಿಂತಿತು. ಫ್ರಿಜ್ಜು ಹಾಕಿದರು, ನಿಂತಿತು. ಗ್ರೈಂಡರು, ಟಿವಿ, ಅಂಗಳದ ಸೀರಿಯಲ್ ಲೈಟು, ಎಲ್ಲಕ್ಕೂ ನಿಂತಿತು. ಬಚ್ಚಲಿನಲ್ಲಿ ನೀರು ಕಾಯಿಸುವ ಕಾಯಿಲ್ ಹಾಕಿದೊಡನೆ ಟಪ್ಪೆಂದು ಬಿತ್ತು. ರಾಧ ಪ್ಲಗ್ಗು ಕಿತ್ತು ಟಾರ್ಚು ಬಿಟ್ಟು ನೋಡಿದಳು. ಕಾಯಿಲ್‌ನ ಕೊಳವೆ ಹಿಡಿಯ ಹತ್ತಿರ ಬಿರುಕು ಬಿಟ್ಟಿತ್ತು. ಅದನ್ನು ಮುಳುಗಿಸಿದ ಬಕೆಟ್ಟಿನಲ್ಲಿ ನೀರು ಬಿಸಿಯಾಯಿತೇ ಎಂದು ಬೆರಳದ್ದಿ ನೋಡುವುದು ಮನೆಯಲ್ಲಿ ಎಲ್ಲರಿಗೂ ಅಭ್ಯಾಸ. ಕೋದಂಡಪ್ಪ ಅದರ ವೈರನ್ನು ಕತ್ತರಿಸಿ, ಯಾರೂ ಮತ್ತೆ ಹಾಕದಂತೆ ಮಾಡಿ ಹಿತ್ತಲಿಗೆ ಎಸೆದ.

ಬೆಳಗಿನ ಜಾವವೇ ಚಿಕ್ಕವೆಂಕಟಮ್ಮ ಹಂಡೆಗೆ ನೀರು ತುಂಬಿ ಸೌದೆ ಒಲೆ ಹಚ್ಚಿದಳು. ಬೀಗರು ಬರುವ ಹೊತ್ತಿಗೆ ನೆಂಟರ ಸ್ನಾನವೆಲ್ಲ ಮುಗಿದು, ಚಂದನ ಸೀರೆ ಉಟ್ಟು ಸಿದ್ಧಳಾಗಿದ್ದಳು. ಕೆಲಸದ ನಡುವೆ ರಾಧ ಮಾತ್ರ ಇನ್ನೂ ಸ್ನಾನ ಮಾಡಿರಲಿಲ್ಲ. ಬಾಗಿಲಲ್ಲಿ ಕಾರು ನಿಂತ ಸದ್ದು ಕೇಳಿದಾಗ ಅತ್ತೆ ಅವಳ ಕೈಗೆ, ಅವಳಿಗೆಂದೇ ತೆಗೆದಿಟ್ಟಿದ್ದ ಬಿಸಿನೀರಿನ ಬಕೆಟ್ಟು ಕೊಟ್ಟು, ಬೀಗರನ್ನು ತಾನು ನೋಡಿಕೊಳ್ಳುತ್ತೇನೆ, ನಿಧಾನವಾಗಿ ಬಾ ಎಂದು ಬಚ್ಚಲಿಗೆ ಕಳಿಸಿದಳು.