ನಾಲ್ಕನೆಯ ಕೆಂಪು ಪಟ್ಟಿ

ಕೆಲಸದ ದಿನ, ಅದೂ ನಡುಮಧ್ಯಾಹ್ನ, ಶೆಡ್ಡಿಗೆ ಬೀಗ ಜಡಿದು ಹದಿನೆಂಟನೆಯ ಮಹಡಿಯ ಹೋಟೆಲಿಗೆ ಹೋಗಿ ಉಣ್ಣಬೇಕೆಂದು ಹಟ ಹಿಡಿದವರು ಯಜಮಾನರು. ಜಾಹೀರಾತಿನ ಬೋರ್ಡು ನಿಲ್ಲಿಸುವ ನಮಗೆ ಎತ್ತರವೇನೂ ಹೊಸತಲ್ಲ. ಆದರೆ ಮೆತ್ತನೆಯ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಬಟ್ಟೆ ಹಾಸಿಕೊಂಡು ಊರು ನೋಡುವುದು ಹೊಸತು. ನಮ್ಮ ವೆಲ್ಡರ್ ಅಂತೂ ಗಾಜು ಎಷ್ಟು ದಪ್ಪವಿದೆ ಎಂದು ಬೆರಳಿನಿಂದ ತಟ್ಟಿ ನೋಡಿಯೇ ಕೂತ.

ಊಟ ನನ್ನ ಬಡ್ತಿಯ ಲೆಕ್ಕದ್ದು. ಮರುದಿನದಿಂದ ನಾನು ಮೇಸ್ತ್ರಿ, ಬೋರ್ಡು ಭದ್ರವಾಗಿದೆ ಎಂದು ಸಹಿ ಹಾಕುವವಳು. ಹನ್ನೊಂದು ವರ್ಷ ಏಣಿ ಹತ್ತಿ ಇಳಿದದ್ದಕ್ಕೆ ಅಲ್ಲಿಯವರೆಗೆ ಸಿಕ್ಕಿದ್ದು 'ಬೆಕ್ಕು' ಎಂಬ ಅಡ್ಡಹೆಸರು ಮಾತ್ರ. ಈ ಮೇಸ್ತ್ರಿಗಿರಿಗಾಗಿ ನಾನು ಎಷ್ಟು ಬಾಯಿ ಬಿಡುತ್ತಿದ್ದೆ ಎನ್ನುವುದು ಶೆಡ್ಡಿಗೆಲ್ಲ ಗೊತ್ತಿತ್ತು.

ವ್ಯಾನಿನ ಡ್ರೈವರು ಮಾತ್ರ ಮೇಲೆ ಬರಲಿಲ್ಲ. ಅವರನ್ನು ನಾವೆಲ್ಲ ಚಿಕ್ಕಪ್ಪ ಎನ್ನುತ್ತೇವೆ. ಮೂವತ್ತು ವರ್ಷದಿಂದ ಬೋರ್ಡು ಸಾಗಿಸುತ್ತಿದ್ದರೂ ಏಣಿಯ ಮೂರನೆಯ ಮೆಟ್ಟಿಲಿಗೇ ಅವರ ತಲೆ ಗಿರ್ರೆನ್ನುತ್ತದೆ. ನೀವು ಆಕಾಶದಲ್ಲಿ ಉಣ್ಣಿ, ನಾನು ಎಲ್ಲಾದರೂ ನೆರಳು ನೋಡಿಕೊಂಡು ಬುತ್ತಿ ಬಿಚ್ಚುತ್ತೇನೆ ಎಂದು ಕೆಳಗೇ ಉಳಿದರು.

ಸೂಪು ಬಂದ ಮೇಲೆ ಯಜಮಾನರು ಗಾಜಿನಾಚೆಗೆ ಬೆರಳು ತೋರಿಸಿದರು. ರಸ್ತೆಯ ಆ ಬದಿಗೆ, ಒಂದೇ ಅಂತಸ್ತಿನ ಅಂಗಡಿಯ ತಾರಸಿಯ ಮೇಲೆ, ಮೂರು ದಿನದ ಹಿಂದೆ ನಾವೇ ನಿಲ್ಲಿಸಿದ ಬೋರ್ಡು. ಅದರ ಮುಖ ಅಂಗಡಿಯ ಆಚೆಗಿನ ಬಸ್ ಸ್ಟಾಪಿನ ರಸ್ತೆಗೆ; ಅಲ್ಲಿಯವರಿಗೆ ಅದರಲ್ಲಿ ಹಲ್ಲು ಬಿಟ್ಟು ನಗುವ ಹೆಂಗಸು ಕಾಣುತ್ತಾಳೆ. ನಮಗೆ ಕಂಡದ್ದು ಬೆನ್ನು: ಕಬ್ಬಿಣದ ಚೌಕಟ್ಟು, ಅದನ್ನು ಹಿಂದಕ್ಕೆ ಜಗ್ಗಿ ಹಿಡಿದ ನಾಲ್ಕು ಉಕ್ಕಿನ ತಂತಿ, ಒಂದೊಂದಕ್ಕೂ ಒಂದೊಂದು ಕೆಂಪು ಬಟ್ಟೆಯ ಪಟ್ಟಿ.

ಆ ಪಟ್ಟಿ ನಮ್ಮ ಶೆಡ್ಡಿನ ಕಟ್ಟಳೆ. ತಂತಿಯ ತಿರುಪನ್ನು ಪೂರ್ತಿ ಬಿಗಿ ಮಾಡಿದ ಮೇಲೆಯೇ ಪಟ್ಟಿ ಕಟ್ಟಬೇಕು. ಪಟ್ಟಿ ಇದ್ದಲ್ಲಿ ಇನ್ನೊಬ್ಬರು ಹತ್ತಿ ಪರೀಕ್ಷೆ ಮಾಡುವುದಿಲ್ಲ.

"ನಾಲ್ಕಕ್ಕೆ ನಾಲ್ಕು ಪಟ್ಟಿ, ನೋಡ್ರಪ್ಪಾ," ಎಂದರು ಯಜಮಾನರು. "ಬೆಕ್ಕು ಕಟ್ಟಿದ್ದು ಅಂದ್ರೆ ನಾನು ಕಣ್ಣು ಮುಚ್ಚಿ ಮಲಗ್ತೀನಿ."

ನಾನು ಚಮಚ ಕೆಳಗಿಟ್ಟು ನಾಲ್ಕನೆಯ ಪಟ್ಟಿಯನ್ನೇ ನೋಡಿದೆ.

ಪಟ್ಟಿಗಳನ್ನು ನಾನು ಹಲ್ಲಿನಲ್ಲಿ ಕಚ್ಚಿಕೊಂಡು ಹತ್ತುತ್ತೇನೆ. ಆ ದಿನ ಅರ್ಧ ಕೆಲಸದಲ್ಲಿ ಮಗಳ ಶಾಲೆಯಿಂದ ಫೋನ್ ಬಂತು, ಮಗುವಿಗೆ ಜ್ವರ ಅಂತ. ಮಾತಾಡಲು ಬಾಯಿ ಖಾಲಿಯಾಗಬೇಕಲ್ಲ, ನಾಲ್ಕೂ ಪಟ್ಟಿಗಳನ್ನು ನಾಲ್ಕು ತಂತಿಗೆ ಮೊದಲೇ ಕಟ್ಟಿಬಿಟ್ಟೆ. ಆಮೇಲೆ ಫೋನನ್ನು ಹೆಗಲಿಗೆ ಒತ್ತಿಕೊಂಡು ಬಿಗಿ ಮಾಡುತ್ತ ಹೋದೆ. ಒಂದು, ಎರಡು, ಮೂರು. ಅಷ್ಟು ಚೆನ್ನಾಗಿ ನೆನಪಿದೆ. ನಾಲ್ಕನೆಯದು? ಎಷ್ಟು ಕೆದಕಿದರೂ ನೆನಪಾದದ್ದು ಏಣಿ ಇಳಿದು ಶಾಲೆಗೆ ಓಡಿದ್ದು ಮಾತ್ರ.

ಬೋರ್ಡಿನ ಪಕ್ಕದ ಮನೆಯ ತಾರಸಿಯಲ್ಲಿ ಒಣಹಾಕಿದ ಬಟ್ಟೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಗಾಜಿನ ಒಳಗೆ ನಮಗೆ ಗಾಳಿಯ ಸದ್ದೇ ಇಲ್ಲ. ಬೋರ್ಡಿನ ಆಚೆ ಕೆಳಗೆ ನೋಡಿದೆ. ಆ ರಸ್ತೆಗೆಲ್ಲ ನೆರಳೆಂದರೆ ನಮ್ಮ ಬೋರ್ಡಿನದೇ, ಅದರಡಿಯಲ್ಲಿ ನಮ್ಮ ವ್ಯಾನು. ಕಿಟಕಿಯಿಂದ ಚಿಕ್ಕಪ್ಪನ ಮೊಣಕೈ ಹೊರಗೆ ಕಾಣುತ್ತಿತ್ತು.

ಗಾಳಿಗೆ ಬೋರ್ಡು ಮುಂದಕ್ಕೆ ಮಗುಚಿದರೆ ಬೀಳುವುದು ಅವರ ಮೇಲೆಯೇ. ಆಗ ಹೇಳಬೇಕಿತ್ತು. ಹೇಳಲಿಲ್ಲ. ಕೈ ತೊಳೆದು ಬರುತ್ತೇನೆಂದು ಎದ್ದು, ಮರೆಗೆ ಹೋಗಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ವ್ಯಾನ್ ನಿಲ್ಲಿಸಿದರೆ ಪೊಲೀಸರು ಚೀಟಿ ಬರೆಯುತ್ತಾರಂತೆ, ಮುಂದಕ್ಕೆ ಹೋಗಿ ಎಂದು ಸುಳ್ಳು ಬಿಟ್ಟೆ. ಬಾಯಿಗಿಟ್ಟ ತುತ್ತು ನುಂಗಲೂ ಬಿಡುವುದಿಲ್ಲವಲ್ಲ ಎಂದು ಗೊಣಗುತ್ತಲೇ ಅವರು ವ್ಯಾನು ತೆಗೆದರು. ಸಂಜೆ ಒಬ್ಬಳೇ ಹೋಗಿ ಬಿಗಿ ಮಾಡಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ವಾಪಸು ಬಂದು ಕೂತೆ.

ಕೂತು ನೋಡಿದರೆ ನೆರಳು ಖಾಲಿ ಉಳಿದಿರಲಿಲ್ಲ. ಬಸ್ ಸ್ಟಾಪಿನಲ್ಲಿ ಬಿಸಿಲಿಗೆ ಬೇಯುತ್ತಿದ್ದವರೆಲ್ಲ, ವ್ಯಾನು ಸರಿದದ್ದೇ ತಡ, ಅಲ್ಲಿಗೆ ಬಂದು ನಿಂತಿದ್ದರು. ತಳ್ಳುಗಾಡಿಯಲ್ಲಿ ಕೂಸನ್ನು ಮಲಗಿಸಿಕೊಂಡ ತಾಯಿ, ಕೋಲು ಹಿಡಿದ ಮುದುಕ, ಶಾಲೆಯ ಚೀಲದ ಇಬ್ಬರು ಹುಡುಗಿಯರು. ಇನ್ನೂ ಮೂವರು ಬರುತ್ತಿದ್ದರು. ನಾನೇ ಜಾಗ ಬಿಡಿಸಿ, ಕೈಹಿಡಿದು ಕರೆತಂದು ನಿಲ್ಲಿಸಿದ ಹಾಗಾಯಿತು.

ವೆಲ್ಡರ್ ಆಗಲೇ ನನ್ನನ್ನು 'ಮೇಸ್ತ್ರಿಯಮ್ಮಾ' ಎಂದು ಕಿಚಾಯಿಸುತ್ತಿದ್ದ.

"ಯಜಮಾನ್ರೇ," ಎಂದೆ. "ಆ ನಾಲ್ಕನೇ ತಂತಿ ಬಿಗಿ ಮಾಡಿದ್ದು ನನಗೆ ನೆನಪಿಲ್ಲ. ಪಟ್ಟಿ ಮೊದಲೇ ಕಟ್ಟಿಬಿಟ್ಟಿದ್ದೆ. ಕೆಳಗೆ ಜನ ಇದಾರೆ."

ವೆಲ್ಡರ್ ತಮಾಷೆಯೆಂದುಕೊಂಡು ನಕ್ಕ, ನನ್ನ ಮುಖ ನೋಡಿ ಬಾಯಿ ಮುಚ್ಚಿದ. ಯಜಮಾನರು ಕುರ್ಚಿ ಹಿಂದೆ ತಳ್ಳಿ ಎದ್ದರು. ಚಿಕ್ಕಪ್ಪನಿಗೆ ಫೋನ್ ಮಾಡಿ, ಬೋರ್ಡಿನ ಕೆಳಗೆ ಒಂದು ನರಪಿಳ್ಳೆಯೂ ನಿಲ್ಲಬಾರದು ಎಂದು ಹೇಳುತ್ತಲೇ ಲಿಫ್ಟಿನ ಕಡೆ ನಡೆದರು. ಹದಿನೆಂಟು ಮಹಡಿ ಇಳಿಯುವಷ್ಟು ಹೊತ್ತೂ ಯಾರೂ ನನ್ನ ಕಡೆ ನೋಡಲಿಲ್ಲ.

ನಾವು ರಸ್ತೆ ದಾಟಿ ಅಂಗಡಿ ಬಳಸಿ ಬರುವಾಗ ಚಿಕ್ಕಪ್ಪ ಹಾರನ್ನು ಒತ್ತಿ ಹಿಡಿದು ಜನರನ್ನು ಚದುರಿಸುತ್ತಿದ್ದರು. ಮುದುಕ ಕೋಲೆತ್ತಿ ಅವರನ್ನು ಬೈಯುತ್ತಿದ್ದ. ನಾನು ವ್ಯಾನಿನ ಏಣಿ ಎಳೆದು ಹಾಕಿ ತಾರಸಿ ಹತ್ತಿ ನೇರವಾಗಿ ನಾಲ್ಕನೆಯ ತಂತಿಗೆ ಕೈ ಹಾಕಿದೆ.

ಕಲ್ಲಿನ ಹಾಗೆ ಗಟ್ಟಿ. ಎರಡು ಕೈಯಲ್ಲಿ ತಿರುಚಿದರೂ ತಿರುಪು ಜಪ್ಪಯ್ಯ ಅನ್ನಲಿಲ್ಲ. ಮಾಡಿದ್ದೆ, ಬಿಗಿ ಮಾಡಿಯೇ ಹೋಗಿದ್ದೆ. ಅಲ್ಲೇ ಕುಕ್ಕರಿಸಿದೆ. ನಗು ಬಂತು, ಅದರ ಹಿಂದೆಯೇ ಅಳು. ವೃಥಾ ಬಾಯಿ ಬಿಟ್ಟು ಮೇಸ್ತ್ರಿಗಿರಿಗೆ ಕಲ್ಲು ಹಾಕಿಕೊಂಡೆನಲ್ಲ ಎಂಬ ಸಂಕಟವೂ ಆಯಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಯಜಮಾನರು ಏಣಿ ಹತ್ತಿ ಬಂದರು. ಅವರೆದುರು ಏಳಲೆಂದು ಆಸರೆಗೆ ಪಕ್ಕದ ತಂತಿ ಹಿಡಿದೆ. ಅದು ನನ್ನ ಭಾರಕ್ಕೆ ಜೋಲಿತು. ಮೂರನೆಯದು, ಬಿಗಿ ಮಾಡಿದ್ದು ಚೆನ್ನಾಗಿ ನೆನಪಿದ್ದದ್ದು. ಅದರ ತಿರುಪನ್ನು ಎರಡೇ ಬೆರಳಲ್ಲಿ ಮುಟ್ಟಿದೆ, ಸಲೀಸಾಗಿ ತಿರುಗಿತು. ತಲೆಯ ಮೇಲೆ ಚೌಕಟ್ಟು ಗಾಳಿಗೆ ಒಮ್ಮೆ ಕಿರುಗುಟ್ಟಿತು. ತಂತಿಯ ಮೇಲೆ ಕೆಂಪು ಪಟ್ಟಿ ಚೊಕ್ಕವಾಗಿ ಕಟ್ಟಿತ್ತು, ನನ್ನದೇ ಗಂಟು.

ಆ ಪಟ್ಟಿ ಬಿಚ್ಚಿ, ಸ್ಪ್ಯಾನರ್ ಹಿಡಿದು ಬಿಗಿ ಮಾಡಿದೆ. ಯಜಮಾನರು ಮುಗಿಯುವ ತನಕ ಪಕ್ಕದಲ್ಲೇ ನಿಂತಿದ್ದರು.

"ಪಟ್ಟಿ ಮೊದಲು ಕಟ್ಟಿದ್ದು ಇದೊಂದೇ ಸಲನಾ?" ಎಂದು ಮೆಲ್ಲಗೆ ಕೇಳಿದರು.

ಹೌದು ಎನ್ನಲು ಬಾಯಿ ತೆರೆದೆ. ಇಷ್ಟೇ ಧೈರ್ಯವಾಗಿ ಮೂರನೆಯದರ ಮೇಲೂ ಆಣೆ ಇಡುತ್ತಿದ್ದೆನಲ್ಲ. ತಾರಸಿಯಿಂದ ಕಣ್ಣು ಹಾಯಿಸಿದರೆ ಸೇತುವೆಯ ತುದಿಗೊಂದು ಬೋರ್ಡು, ಆಸ್ಪತ್ರೆಯ ಎದುರಿಗೊಂದು, ಮಗಳ ಶಾಲೆಯ ತಿರುವಿನಲ್ಲಿ ಒಂದು. ಎಲ್ಲಕ್ಕೂ ಪಟ್ಟಿ ಕಟ್ಟಿದವಳು ನಾನೇ.

"ಗೊತ್ತಿಲ್ಲ, ಯಜಮಾನ್ರೇ," ಎಂದೆ.

ಅವರು ಏಣಿಯನ್ನು ವ್ಯಾನಿಗೆ ಏರಿಸಲು ಹೇಳಿದರು. ಗಾಳಿ ಇನ್ನೂ ಏಳುತ್ತಿತ್ತು. ಮೊದಲು ಶಾಲೆಯ ತಿರುವಿಗೆ ಹೋಗೋಣ ಎಂದು ನಾನು ಚಿಕ್ಕಪ್ಪನಿಗೆ ಹೇಳಿದೆ.